ಸೊನ್ನೆಗೆ ಸೊನ್ನೆ



ಫುಟ್‌ಬಾಲ್ ಆಟ ನೋಡುವವರಿಗೆ ಆಗುವ ಒಂದು ಸಂಕಟದ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾಗಲಗಿದ್ದ, ನಾರಾಯಣಖೇಡದ ಕಡೆ ಹುಡುಗರ ಕೈಯಲ್ಲಿ ಇರುವುದು ಕ್ರಿಕೆಟ್ ಬ್ಯಾಟು, ಇಲ್ಲಿ ಫುಟ್‌ಬಾಲ್ ಮಾತೇಕೆ ಎಂದು ನೀವು ಕೇಳೀರಿ. ತುಸು ತಾಳಿ. ಈ ಆಟಕ್ಕೂ ನಮಗೂ ಹಳೆಯ ನಂಟಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

2024ರ ಸೆಪ್ಟೆಂಬರ್ 3ರಂದು ಹೈದರಾಬಾದಿನ ಗಚ್ಚಿಬೌಲಿ ಮೈದಾನದಲ್ಲಿ ಭಾರತಕ್ಕೂ ಮಾರಿಷಸ್ ದೇಶಕ್ಕೂ ಪಂದ್ಯ ನಡೆಯಿತು. ವಿಶ್ವದ ಪಟ್ಟಿಯಲ್ಲಿ ಆಗ ನಮ್ಮದು 124ನೇ ಸ್ಥಾನ, ಅವರದು 179. ಮಾರಿಷಸ್ ಎಂದರೆ ಹಿಂದೂ ಮಹಾಸಾಗರದ ಸಣ್ಣ ದ್ವೀಪ. ಅಲ್ಲಿಯ ಜನಸಂಖ್ಯೆ 12–13 ಲಕ್ಷ. ನಮ್ಮ ಸಂಗಾರೆಡ್ಡಿ ಜಿಲ್ಲೆಯೊಂದರಲ್ಲೇ 2011ರ ಗಣತಿಯಂತೆ 15 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರೂ ನಮ್ಮ ಜಹೀರಾಬಾದಿನವರಂತೆ ಕಬ್ಬು ಬೆಳೆಯುವವರೇ. ಕಬ್ಬಿನ ಕೂಲಿಗೆಂದು ಹಡಗು ಹತ್ತಿ ಹೋದ ತೆಲುಗರ, ಮರಾಠಿಗರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಆ ದ್ವೀಪದಲ್ಲಿದ್ದಾರೆ. ಇಂಥ ಪುಟ್ಟ ದೇಶದ ಎದುರು, ನಮ್ಮದೇ ನೆಲದಲ್ಲಿ, ತೊಂಬತ್ತು ನಿಮಿಷ ಓಡಾಡಿ ನಮ್ಮವರು ತಂದದ್ದು ಸೊನ್ನೆಗೆ ಸೊನ್ನೆ.

ತಂಡ ಸೋತರೆ ಬೈಯಬಹುದು, ಗೆದ್ದರೆ ಪೇಡೆ ಹಂಚಬಹುದು. ಆಟ ಬರಾಬರಿ ಆದರೆ ಏನು ಮಾಡುವುದು? ಗೋಲು ಬಿಟ್ಟಿಲ್ಲವಾದ್ದರಿಂದ ಗೋಲಿಯನ್ನು ಬೈಯುವಂತಿಲ್ಲ, ಗೆದ್ದಿಲ್ಲವಾದ್ದರಿಂದ ಯಾರನ್ನೂ ಹೊಗಳುವಂತಿಲ್ಲ. "ಸೋಲಲಿಲ್ಲವಲ್ಲ ಬಿಡು" ಎಂದು ಪಕ್ಕದವರು ಸಮಾಧಾನ ಹೇಳುತ್ತಾರೆ ನೋಡಿ, ನನ್ನ ಸಿಟ್ಟು ನೆತ್ತಿಗೇರುವುದು ಆಗಲೇ. ಲೆಕ್ಕ ಹಾಕಿ ನೋಡಿ. ಗೆದ್ದವರಿಗೆ 3 ಅಂಕ, ಸಮವಾದರೆ ಒಬ್ಬೊಬ್ಬರಿಗೆ 1. ಮೂರು ರೂಪಾಯಿಗೆ ಜಗಳಾಡಿದ ಇಬ್ಬರು ಒಂದೊಂದು ರೂಪಾಯಿ ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಬಾವಿಗೆ ಎಸೆದು ಮನೆಗೆ ಹೋದಂತೆ ಇದು.

ಆ ಬಾವಿಗೆ ಬಿದ್ದ ರೂಪಾಯಿಯ ಬೆಲೆ ತಿಳಿಯಬೇಕಾದರೆ ಅದೇ ವರ್ಷದ ಜೂನ್ 6ಕ್ಕೆ ಹೋಗಬೇಕು. ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ವಿಶ್ವಕಪ್ಪಿನ ಅರ್ಹತಾ ಪಂದ್ಯ. ನಾಯಕ ಸುನಿಲ್ ಛೇತ್ರಿ ದೇಶದ ಅಂಗಿ ತೊಟ್ಟು ಆಡುವ ಕೊನೆಯ ಪಂದ್ಯವೆಂದು ಮೊದಲೇ ಸಾರಿದ್ದರು. 50 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಲ್ಲಿಯೂ ಸೊನ್ನೆಗೆ ಸೊನ್ನೆ. ಐದು ದಿನಗಳ ಮೇಲೆ ಕತಾರಿನಲ್ಲಿ ನಾವು 1–2ರಿಂದ ಸೋತೆವು. ಆ ಪಂದ್ಯದಲ್ಲಿ ಗೆರೆ ದಾಟಿ ಹೋಗಿದ್ದ ಚೆಂಡನ್ನು ಎಳೆದು ತಂದು ಅವರು ಗೋಲು ಹೊಡೆದರು, ರೆಫರಿ ಅದನ್ನು ಮಾನ್ಯ ಮಾಡಿದರು. ದೇಶವೆಲ್ಲ ಆ ಗೋಲಿನ ಮೇಲೆ ಕೆಂಡ ಕಾರಿತು. ಅನ್ಯಾಯವಾದದ್ದು ನಿಜ. ಆದರೆ ಕೊನೆಯ ಪಟ್ಟಿ ತೆಗೆದು ನೋಡಿ: ಕುವೈತಿಗೆ 7, ಆಫ್ಘಾನಿಸ್ತಾನಕ್ಕೆ 5, ಭಾರತಕ್ಕೆ 5. ಕೋಲ್ಕತ್ತದಲ್ಲಿ ಒಂದೇ ಒಂದು ಗೋಲು ಬಿದ್ದಿದ್ದರೆ ನಮಗೆ 7, ಕುವೈತಿಗೆ 6. ಕತಾರಿನಲ್ಲಿ ಸೋತರೂ ನಾವು ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. ನಮ್ಮನ್ನು ಹೊರಗೆ ಹಾಕಿದ್ದು ರೆಫರಿಯಲ್ಲ, ನಮ್ಮದೇ ಸೊನ್ನೆ.

ಛೇತ್ರಿ ನಮ್ಮ ಗಡಿಯವರಿಗೆ ಎರಡು ಕಡೆಯಿಂದಲೂ ಸಲ್ಲುವ ಮನುಷ್ಯ. ಹುಟ್ಟಿದ್ದು 1984ರಲ್ಲಿ ಸಿಕಂದರಾಬಾದಿನಲ್ಲಿ, ಸೈನಿಕರ ಮನೆಯಲ್ಲಿ. ಕಾಲೂರಿ ನಿಂತದ್ದು ಬೆಂಗಳೂರಿನಲ್ಲಿ. ಬೆಂಗಳೂರು ಎಫ್‌ಸಿ ತಂಡ 2013ರಲ್ಲಿ ಹುಟ್ಟಿದಾಗಲೇ ಸೇರಿಕೊಂಡರು. ತೆಲುಗು ಶಾಲೆಯ ಹುಡುಗ ತನ್ನವನೆನ್ನಲಿ, ಕನ್ನಡ ಶಾಲೆಯ ಹುಡುಗ ತನ್ನವನೆನ್ನಲಿ, ಇಬ್ಬರದೂ ಸುಳ್ಳಲ್ಲ. 2005ರಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಅವರು ಆಡಿದ ಮೊದಲ ಪಂದ್ಯವೂ ಸಮವೇ ಆಗಿತ್ತು, 1–1. ನಮ್ಮ ಗೋಲು ಅವರದೇ. ಅಲ್ಲಿಂದ ಕುವೈತ್ ಪಂದ್ಯದವರೆಗೆ 94 ಗೋಲು. ಹತ್ತೊಂಬತ್ತು ವರ್ಷ ಮನೆಯ ನೀರನ್ನೆಲ್ಲ ಒಬ್ಬನೇ ಹೊತ್ತು ತಂದರೆ ಉಳಿದವರಿಗೆ ಬಾವಿಯ ದಾರಿಯೇ ಮರೆತುಹೋಗುತ್ತದೆ. 2024ರಲ್ಲಿ ಭಾರತ 11 ಪಂದ್ಯ ಆಡಿತು. ಆರು ಸೋಲು, ಐದು ಡ್ರಾ, ಗೆಲುವು ಒಂದೂ ಇಲ್ಲ. ಹೊಡೆದ ಗೋಲು ನಾಲ್ಕು.

ಈಗ ಹಳೆಯ ನಂಟಿನ ಮಾತು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು ಎಂದು ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದರಲ್ಲವೇ? ಎಲ್ಲವೂ ಒಂದೇ ಹೈದರಾಬಾದ್ ಸಂಸ್ಥಾನ. ಗಡಿಯ ಗೆರೆ ಬಿದ್ದು ಒಂದು ತಿಂಗಳಿಗೆ ಸರಿಯಾಗಿ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅದರದೇ ನೆಲದಲ್ಲಿ 4–2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಆ ತಂಡವನ್ನು ತಯಾರು ಮಾಡಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ರಹೀಮ್ ಸಾಹೇಬರು ವೃತ್ತಿಯಿಂದ ಶಾಲಾ ಮಾಸ್ತರರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಬಿಡದೆ ರೋವರ್ಸ್ ಕಪ್ ಗೆದ್ದಿತು. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದ ತಂಡವೂ ಅವರದೇ. ಅದರಲ್ಲಿ ಆಡಿದ ತುಳಸಿದಾಸ್ ಬಲರಾಮ್ ಕೂಡ ಛೇತ್ರಿಯಂತೆ ಸಿಕಂದರಾಬಾದಿನ ಹುಡುಗ, ಅಮ್ಮುಗುಡದವರು. ಮರು ವರ್ಷ ಜೂನಿನಲ್ಲಿ ರಹೀಮ್ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬರಲಿಲ್ಲ.

ಅದೇ ಹೈದರಾಬಾದಿನ ಮೈದಾನದಲ್ಲಿ ಮಾರಿಷಸ್ ಎದುರು ಸೊನ್ನೆ ಎಂದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ತರಬೇತುದಾರನನ್ನು ಬೈಯೋಣವೆಂದರೆ ಅದೂ ಕಷ್ಟ. ಮನೋಲೊ ಮಾರ್ಕೆಜ್ ಅವರಿಗೆ ಭಾರತ ತಂಡದೊಂದಿಗೆ ಅದು ಮೊದಲ ಪಂದ್ಯ. 2022ರಲ್ಲಿ ಹೈದರಾಬಾದ್ ಎಫ್‌ಸಿಗೆ ಐಎಸ್‌ಎಲ್ ಕಪ್ ಗೆದ್ದುಕೊಟ್ಟವರು ಇವರೇ. ಆ ಫೈನಲ್ ಕೂಡ 1–1 ಡ್ರಾ ಆಗಿತ್ತು. ಪೆನಾಲ್ಟಿಯಲ್ಲಿ ಗೋಲಿ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಚೆಂಡು ತಡೆದರು. ಗೋವಾದವರು, ಆದರೆ ಹೆಸರು ಕೇಳಿದರೆ ನಮ್ಮ ಕಡೆಯದೇ. ಆ ಕ್ಲಬ್ಬಿನಲ್ಲಿ ಗೋಲು ಹೊಡೆಯಲು ನೈಜೀರಿಯಾದ ಓಗ್‌ಬೆಚೆ ಇದ್ದರು. ಗಂಟು ಇರುವುದು ಇಲ್ಲಿಯೇ. ಕ್ಲಬ್ಬುಗಳು ಮುಂದಾಳಿನ ಜಾಗಕ್ಕೆ ಬಹುಪಾಲು ಹೊರದೇಶದವರನ್ನೇ ತರುತ್ತವೆ. ನಮ್ಮ ಹುಡುಗರು ಹಿಂದೆ, ಬದಿಯಲ್ಲಿ ಆಡಿ ಆಡಿ ಅಲ್ಲಿಯವರೇ ಆಗುತ್ತಾರೆ. ದೇಶದ ತಂಡ ಕಟ್ಟುವಾಗ ಓಗ್‌ಬೆಚೆಯನ್ನು ಕರೆಯಲಾದೀತೇ? ಗೋಲಿನ ಮುಂದೆ ನಿಂತು ಕಾಲು ನಡುಗದ ಹುಡುಗ ಬೇಕಾದರೆ ಹನ್ನೆರಡನೇ ವಯಸ್ಸಿಗೇ ಅವನ ಕಾಲಿಗೆ ಚೆಂಡು ಕೊಟ್ಟು, ಸಂಜೆ ಮೈದಾನದಲ್ಲಿ ನಿಂತು ನೋಡುವ ಒಬ್ಬ ಮಾಸ್ತರು ಬೇಕು. ನಿಮ್ಮೂರ ಶಾಲೆಯಲ್ಲಿ ಆಟದ ಮಾಸ್ತರು ಇದ್ದಾರೆಯೇ, ಚೆಂಡಿಗೆ ಗಾಳಿ ಇದೆಯೇ, ಒಮ್ಮೆ ಹೋಗಿ ನೋಡಿ ಬನ್ನಿ.

ಕೊನೆಗೆ ಏನಾಯಿತೆಂದರೆ, 2025ರ ಮಾರ್ಚಿನಲ್ಲಿ ನಲವತ್ತು ವರ್ಷದ ಛೇತ್ರಿಯನ್ನೇ ಮತ್ತೆ ಕರೆತಂದರು. ಮಾಲ್ಡೀವ್ಸ್ ಮೇಲೆ 3–0 ಗೆಲುವು, ಅದರಲ್ಲಿ ಒಂದು ಗೋಲು ಅವರದು. ಆರು ದಿನ ಕಳೆದು ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದ ಮೇಲೆ ಏಷ್ಯಾ ಕಪ್ಪಿನ ಅರ್ಹತಾ ಪಂದ್ಯ. ಫಲಿತಾಂಶ ನಾನು ಹೇಳುವ ಮುಂಚೆಯೇ ನೀವು ಹೇಳುತ್ತಿದ್ದೀರಿ, ನನಗೆ ಗೊತ್ತು. 2027ರ ಏಷ್ಯಾ ಕಪ್ಪಿಗೂ ನಮಗೆ ಜಾಗ ಸಿಗಲಿಲ್ಲ.