ಇಂಗ್ಲಿಷ್ ಕಲಿಕೆಯಲ್ಲಿ ನಮ್ಮ ತಪ್ಪುಗಳು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯವರಾದ ನಾವು ಇಂಗ್ಲಿಷಿನಲ್ಲಿ ಮಾತನಾಡಹೊರಟು ನಗೆಗೀಡಾಗುವುದುಂಟು. ಆ ನಗೆಗೆ ಅಂಜಿ ಬಾಯಿ ತೆರೆಯದ ಮಕ್ಕಳು ಎಷ್ಟೋ ಮಂದಿ. ಆದರೆ ನಮ್ಮ ತಪ್ಪುಗಳು ದಡ್ಡತನದಿಂದ ಹುಟ್ಟಿದವಲ್ಲ. ಮನೆಮಾತಿನ ನಿಯಮವನ್ನೇ ಪರಭಾಷೆಗೂ ಹಚ್ಚುವುದರಿಂದ ಹುಟ್ಟಿದವು.

“ಊಟವಾಗಲಿಲ್ಲವೇ?” ಎಂದು ಕೇಳಿದರೆ, ಹಸಿದವನು ಕನ್ನಡದಲ್ಲಿ “ಹೌದು, ಆಗಲಿಲ್ಲ” ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಅವನು “ನೋ” ಎನ್ನಬೇಕು. “ಯೆಸ್” ಎಂದನೋ, ಉಂಡಿದ್ದಾನೆಂದು ತಿಳಿದು ಮನೆಯೊಡತಿ ಎಲೆ ಹಾಕದೆ ಸುಮ್ಮನಾದಾಳು! ನಾಮಪದದ ಮುಂದೆ ಬರುವ ‘ಎ’, ‘ದಿ’ಗಳಿಗೆ ಸಮನಾದುದು ಕನ್ನಡದಲ್ಲಿಲ್ಲ, ಆದುದರಿಂದಲೇ ನಾವು ಅವನ್ನು ಮರೆಯುತ್ತೇವೆ. ಪದದ ಕೊನೆಗೆ ಸ್ವರವಿರುವುದು ನಮಗೆ ರೂಢಿ. ‘ಬಸ್’ ಎಂಬುದು ‘ಬಸ್ಸು’ ಆಗುತ್ತದೆ.

ಸವಣೂರಿನಲ್ಲಿ ಉರ್ದು ಮನೆಮಾತಿನವರೂ ಉಂಟಷ್ಟೆ. ಉರ್ದುವಾಡುವವರ ಬಾಯಲ್ಲಿ ‘ಸ್ಕೂಲ್’ ಎಂಬುದು ಎಷ್ಟೋ ವೇಳೆ ‘ಇಸ್ಕೂಲ್’ ಆಗುತ್ತದೆ. ಸಾವಿರಾರು ಮೈಲಿ ದೂರದ ಬ್ರೆಜಿಲಿನಲ್ಲಿ ಪೋರ್ಚುಗೀಸ್ ಆಡುವವರೂ ಇಂಗ್ಲಿಷ್ ಕಲಿಯುವಾಗ ಹಾಗೆಯೇ ಎಡವುತ್ತಾರೆ. ಎಡವುವವರು ನಾವಷ್ಟೇ ಅಲ್ಲವೆಂಬುದು ಇದರಿಂದ ಸ್ಪಷ್ಟ.

1909ರಲ್ಲಿ ಇದೇ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಕನ್ನಡದ ಕವಿಯಾಗಿಯೂ ಉಳಿದು 1990ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಒಂದು ಭಾಷೆ ಬರಬೇಕಾದರೆ ಇನ್ನೊಂದನ್ನು ಬಿಡಬೇಕಾಗಿಲ್ಲ.

ಆದುದರಿಂದ ಮಗು ತಪ್ಪಿದಾಗ ನಗದಿರೋಣ. ಕನ್ನಡ ಹೀಗೆನ್ನುತ್ತದೆ, ಇಂಗ್ಲಿಷ್ ಹಾಗೆನ್ನುತ್ತದೆ ಎಂದು ಎರಡನ್ನೂ ಒಟ್ಟಿಗಿಟ್ಟು ತೋರಿಸೋಣ. ತಪ್ಪಿನ ಕಾರಣ ತಿಳಿದ ಮಗು ಅದನ್ನು ತಾನೇ ತಿದ್ದಿಕೊಂಡೀತು. ನಗೆಗೆ ಅಂಜಿದ ಮಗುವಾದರೋ ಎರಡು ಭಾಷೆಗಳಲ್ಲಿಯೂ ಮೌನವಾದೀತು.