ತಕ್ಕಡಿ ಹಿಡಿದ ಗಣಿತಜ್ಞ



ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರನಾದ ನನ್ನಂಥವನು ಗಣಿತದ ಬಗ್ಗೆ ಮಾತನಾಡುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೆ ಇಂದಿನ ಮಾತು ಸೂತ್ರಗಳದ್ದಲ್ಲ, ಒಂದು ತಕ್ಕಡಿಯದು. ಅದನ್ನು ಹಿಡಿದವರು ದಾಮೋದರ ಧರ್ಮಾನಂದ ಕೊಸಾಂಬಿ.

1907ರಲ್ಲಿ ಗೋವಾದಲ್ಲಿ ಹುಟ್ಟಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ, ಪುಣೆಯಲ್ಲಿ ಗಣಿತ ಕಲಿಸುತ್ತಿದ್ದ ಇವರಿಗೆ ಸಂಖ್ಯಾಶಾಸ್ತ್ರ ಕಲಿಯಬೇಕೆನಿಸಿತು. ಕಲಿಯಲು ಒಂದು ನಿಜವಾದ ಲೆಕ್ಕ ಬೇಕಲ್ಲ? ಪ್ರಾಚೀನ ಭಾರತದ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಕೈಗೆತ್ತಿಕೊಂಡರು. ಅವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಸೂರ್ಯ, ಬೆಟ್ಟ, ಪ್ರಾಣಿಗಳ ಗುರುತುಗಳಷ್ಟೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಹೇಗೆ?

ಕೊಸಾಂಬಿ ಅವನ್ನು ಒಂದೊಂದಾಗಿ ತೂಗಿದರು. ಕೈಯಿಂದ ಕೈಗೆ ಓಡಾಡಿದ ನಾಣ್ಯ ಸವೆಯುತ್ತದೆ. ಒಂದು ನಾಣ್ಯದ ತೂಕ ಏನನ್ನೂ ಹೇಳಲಾರದು; ನೂರಾರು ನಾಣ್ಯಗಳ ಸರಾಸರಿ ಹೇಳುತ್ತದೆ. ಹೆಚ್ಚು ಕಾಲ ಚಲಾವಣೆಯಲ್ಲಿದ್ದ ಗುಂಪಿನ ಸರಾಸರಿ ತೂಕ ಕಡಿಮೆ, ತೂಕದ ಏರುಪೇರು ಹೆಚ್ಚು. ಹಿಂಬದಿಯಲ್ಲಿ ಸಣ್ಣ ಗುರುತುಗಳು ಹೆಚ್ಚಿದ್ದ ನಾಣ್ಯಗಳು ಹಗುರಾಗಿದ್ದವು. ಅಂದರೆ ಅವು ಚಿನಿವಾರರು ಆಗಾಗ ಪರೀಕ್ಷಿಸಿ ಒತ್ತಿದ ಗುರುತುಗಳು ಎಂದು ಅವರು ತರ್ಕಿಸಿದರು. ಈ ಲೆಕ್ಕ ಸರಿಯೇ ಎಂದು ನೋಡಲು ತಮ್ಮ ಕಾಲದ ಚಿಲ್ಲರೆಯನ್ನೂ ತೂಗಿದರು! ಶಾಸನ ಇಲ್ಲದೆಡೆ ಸವಕಳಿಯೇ ಸಾಕ್ಷಿಯಾಯಿತು.

ಅಲ್ಲಿಂದ ಅವರು ಇತಿಹಾಸಕ್ಕೆ ಬಂದರು. 1948ರಲ್ಲಿ ಭರ್ತೃಹರಿಯ ಸುಭಾಷಿತಗಳ ಪರಿಷ್ಕೃತ ಆವೃತ್ತಿ, 1956ರಲ್ಲಿ ಭಾರತೀಯ ಇತಿಹಾಸದ ಅಧ್ಯಯನಕ್ಕೊಂದು ಪ್ರವೇಶಿಕೆ. ಪುಣೆಯ ಸುತ್ತಮುತ್ತ ಕಾಲ್ನಡಿಗೆಯಲ್ಲಿ ಅಲೆದು ಶಿಲಾಯುಗದ ಸಣ್ಣ ಕಲ್ಲಾಯುಧಗಳನ್ನು ಹೆಕ್ಕಿದರು, ಗ್ರಾಮದೇವತೆಗಳ ಗುಡಿಗಳನ್ನು ಹುಡುಕಿದರು.

ಹೀಗೆ ಹಲವು ಗದ್ದೆಗೆ ಕಾಲಿಟ್ಟವರನ್ನು ವಿದ್ವತ್ ಲೋಕ ಅನುಮಾನದಿಂದಲೇ ನೋಡುತ್ತದೆ. ಕೊಸಾಂಬಿಯವರ ವಿಷಯದಲ್ಲಿ ಅನುಮಾನಕ್ಕೆ ಕಾರಣವೂ ಇತ್ತೆನ್ನಬೇಕು. ಗಣಿತದ ಅತಿ ಕಠಿಣ ಸಮಸ್ಯೆಯಾದ ರೀಮಾನ್ ಊಹೆಯನ್ನು ಸಾಧಿಸಿದೆನೆಂದು 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದು ನಿಲ್ಲಲಿಲ್ಲ. ಮುಂಬಯಿಯ ಟಾಟಾ ಮೂಲ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರ ಹುದ್ದೆ 1962ರಲ್ಲಿ ಮುಂದುವರಿಯಲಿಲ್ಲ. ಇದಕ್ಕೆ ರೀಮಾನ್ ಪ್ರಕರಣವೇ ಕಾರಣವೆನ್ನುವವರಿದ್ದಾರೆ. ಅಣುಶಕ್ತಿಗಿಂತ ಸೌರಶಕ್ತಿಯೇ ಈ ದೇಶಕ್ಕೆ ಲೇಸೆಂದು ಬಹಿರಂಗವಾಗಿ ವಾದಿಸಿದ್ದೂ ಮುಳುವಾಯಿತು ಎನ್ನುವವರಿದ್ದಾರೆ. 1966ರಲ್ಲಿ, 58ನೇ ವಯಸ್ಸಿಗೇ ತೀರಿಕೊಂಡರು.

ಅವರದೇ ಇನ್ನೊಂದು ಪುಟ್ಟ ಲೇಖನದ ಕತೆ ಬೇರೆ. ವರ್ಣತಂತುವಿನ ಮೇಲೆ ಎರಡು ಜೀನ್‌ಗಳ ನಡುವಿನ ದೂರವನ್ನು ಅಂದಾಜು ಮಾಡುವ ಸೂತ್ರವೊಂದನ್ನು 1940ರ ದಶಕದಲ್ಲಿ ಪ್ರಕಟಿಸಿದ್ದರು. ಇಂದು ಬೆಳೆಗಳ ಜೀನ್ ನಕ್ಷೆ ತಯಾರಿಸುವವರ ಕಂಪ್ಯೂಟರ್ ತಂತ್ರಾಂಶಗಳಲ್ಲಿ ಆರಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ: ಹಾಲ್ಡೇನ್, ಕೊಸಾಂಬಿ. ಅದನ್ನು ಒತ್ತುವ ಎಷ್ಟೋ ವಿಜ್ಞಾನಿಗಳಿಗೆ ನಾಣ್ಯ ತೂಗಿದ ಕೊಸಾಂಬಿಯೂ ಇವರೇ ಎಂಬುದು ಗೊತ್ತಿರಲಿಕ್ಕಿಲ್ಲ.