ಹಸಿವು ತೆರೆದ ಕೋಟೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ವಿಜಯಪುರಕ್ಕೆ ಹೋಗುವ ನೀವು ಗೋಳಗುಮ್ಮಟದಲ್ಲಿ ಒಂದು ಕೂಗು ಹಾಕಿ ಮರಳುತ್ತೀರಿ. ಊರನ್ನು ಸುಮಾರು 10 ಕಿಲೋಮೀಟರ್ ಬಳಸಿದ ಕೋಟೆಗೋಡೆಯತ್ತ ಕಣ್ಣು ಹಾಯಿಸುವವರು ಕಡಿಮೆ.

ಯುರೋಪಿನವರಿಗೂ ಮೊದಲು ಕೋಟೆಯೆಂದರೆ ಎತ್ತರದ ಗೋಡೆಯೇ. 1453ರಲ್ಲಿ ತುರ್ಕರ ತೋಪುಗಳು ಕಾನ್‌ಸ್ಟಾಂಟಿನೋಪಲ್ ಗೋಡೆಯನ್ನು ಒಡೆದವು. ಗೋಡೆ ಎತ್ತರವಿದ್ದಷ್ಟೂ ತೋಪಿಗೆ ಗುರಿ ಸುಲಭ. ಮುಂದೆ ಇಟಲಿಯವರು ಗೋಡೆಯನ್ನು ತಗ್ಗಿಸಿ ದಪ್ಪ ಮಾಡಿದರು, ಬುರುಜುಗಳನ್ನು ಬಾಣದ ಮೊನೆಯಂತೆ ಚೂಪಾಗಿಸಿದರು.

ನಮ್ಮವರು ದುಂಡು ಬುರುಜನ್ನು ಬಿಡಲಿಲ್ಲ. ಅದರ ತಲೆಯ ಮೇಲೆ ತೋಪು ತಿರುಗುವ ಕಟ್ಟೆ ಕಟ್ಟಿದರು. ಶೇರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದರು. ತೂಕ ಸುಮಾರು 55 ಟನ್. ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಎಂದರೆ ತುರ್ಕರ ನಾಡಿನವನು. ವಿದ್ಯೆ ಎಲ್ಲಿಂದ ಎಲ್ಲಿಗೆ ನಡೆದು ಬಂತು ನೋಡಿ!

ಇಷ್ಟಿದ್ದೂ ಕೋಟೆ ಹೋಯಿತು. 1685ರಲ್ಲಿ ಮೊಘಲರು ಮುತ್ತಿಗೆ ಹಾಕಿದರು. ಒಂದು ವರ್ಷಕ್ಕೂ ಮೀರಿ ಒಳಗಿನವರು ತಡೆದರು. ಕಾಳು ತೀರಿತು, ಕುದುರೆಗಳಿಗೆ ಮೇವಿಲ್ಲದಾಯಿತು. ಡೋಣಿ ದಂಡೆಯ ಹೊಲಗಳೆಲ್ಲ ಗೋಡೆಯ ಹೊರಗೇ ಇದ್ದವಲ್ಲ! 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದ. ನಮ್ಮ ಪಾಠಗಳಲ್ಲಿ ತೋಪಿನ ತೂಕ ಬರುತ್ತದೆ, ಆ ಹಸಿವು ಬರುವುದಿಲ್ಲ.

ಗೆದ್ದ ಔರಂಗಜೇಬ ಅದೇ ಮಲಿಕ್-ಎ-ಮೈದಾನಿನ ಮೇಲೆ ತನ್ನ ವಿಜಯದ ಬರಹ ಕೆತ್ತಿಸಿದ. ಮುಂದಿನ ಸಲ ಹೋದಾಗ ಬುರುಜಿನ ಮೆಟ್ಟಿಲು ಹತ್ತಿ. ತೋಪಿನ ಸಿಂಹಮುಖವನ್ನು ನೋಡಿದ ಮೇಲೆ ಆ ಅಕ್ಷರಗಳನ್ನೂ ಹುಡುಕಿರಿ.